ಹಿಂದಿನ ಬೆಂಚಿನ ಮಾವ

ಮೇ ೪, ಬೆಳಿಗ್ಗೆ

ಇವತ್ತೂ ಚಪ್ಪಲಿಯಿಂದಲೇ ಶುರು. ಬಾಗಿಲಿಗೆ ಅಡ್ಡ ಬಿಟ್ಟಿದ್ದೆನಂತೆ, ಸೊಸೆ ಎಡವಿದಳಂತೆ. "ಮಾವ, ಚಪ್ಪಲೀನ ಪಕ್ಕಕ್ಕೆ ಬಿಡಿ ಅಂತ ಎಷ್ಟು ಸಲ ಹೇಳ್ಬೇಕು ನಿಮಗೆ." ಎದುರು ಮನೆಯವನು ಗಾಬರಿಯಾಗಿ ಹೊರಗೆ ಬಂದು ತನ್ನ ಚಪ್ಪಲಿ ಪಕ್ಕಕ್ಕೆ ಸರಿಸಿದ್ದನ್ನು ಕಿಟಕಿಯಿಂದ ನೋಡಿದೆ. ಅಂಥ ದನಿ.

ಮದುವೆಯಾಗಿ ಬಂದಾಗ ಹೀಗಿರಲಿಲ್ಲ. ನನ್ನವಳಿಗೆ ಕೊನೆಕೊನೆಗೆ ಕಿವಿ ಮಂದವಾಯಿತಲ್ಲ — ಮೆಷೀನ್ ಹಾಕಿಕೋ ಎಂದರೆ ಸುತರಾಂ ಒಪ್ಪಲಿಲ್ಲ. ಸೊಸೆಯೇ ಗಂಟಲು ದೊಡ್ಡದು ಮಾಡಿಕೊಂಡಳು. ಅತ್ತೆ ಸೊಸೆ ಗುಟ್ಟು ಮಾತಾಡಿದರೆ ಬೀದಿಗೆಲ್ಲ ಸುದ್ದಿ. ಈಗ ಅತ್ತೆ ಇಲ್ಲ. ದನಿ ಮಾತ್ರ ಉಳಿದುಕೊಂಡಿದೆ, ನನ್ನ ಚಪ್ಪಲಿಯ ಉಪಯೋಗಕ್ಕೆ.

ಆದರೆ ಯೂನಿವರ್ಸಿಟಿಯಲ್ಲಿ ಆ ದನಿ ಎಲ್ಲಿಗೆ ಹೋಗುತ್ತದೋ. ಸಂಖ್ಯಾಶಾಸ್ತ್ರದ ಲೆಕ್ಚರರ್ ಇವಳು, ಇನ್ನೂ ಪ್ರೊಬೇಷನ್. ಹುಡುಗರು ಪ್ರತಿ ಸೆಮಿಸ್ಟರ್ ಬರೆದುಕೊಡುವ ಅಭಿಪ್ರಾಯ ಒಂದೇ: "ಮೇಡಂ ಒಳ್ಳೆಯವರು. ಕೇಳಿಸುವುದಿಲ್ಲ." ಈಗ ರಜೆಯಲ್ಲಿ ಬೋಧಕರಿಗೆಲ್ಲ ವರ್ಕ್‌ಶಾಪ್ ಇಟ್ಟಿದ್ದಾರೆ. ಕೊನೆಗೆ ಪರೀಕ್ಷಕರ ಎದುರು ಒಂದು ಮಾದರಿ ಪಾಠ. ಗೆದ್ದರೆ ಕೆಲಸ ಖಾಯಂ. ಸೋತರೆ ಜೂನ್‌ನಿಂದ ಮನೆ. ಹುಡುಗಿ ತಟ್ಟೆಯ ಮುಂದೆ ಕೂತು ಅನ್ನ ಕೆದಕುತ್ತಾಳೆ, ತಿನ್ನುವುದಿಲ್ಲ.

ಅವಳಿಗೆ ಹೇಳದ ವಿಷಯ ಒಂದಿದೆ. ನಾಳೆಯಿಂದ ನಾನೂ ಆ ವರ್ಕ್‌ಶಾಪಿಗೆ ಹೋಗುತ್ತೇನೆ. ನಾಟ್ ಓನ್ಲಿ ಸೊಸೆ, ಬಟ್ ಆಲ್ಸೋ ಮಾವ.

ಈ ನಾಟ್ ಓನ್ಲಿ ಬಟ್ ಆಲ್ಸೋ ನಮ್ಮ ಇಂಗ್ಲಿಷ್ ಮೇಷ್ಟರ ಆಸ್ತಿ. ಬರುವವರೆಗೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಎರಡು ವರ್ಷ ಕಾಲೇಜು, ಆಮೇಲೆ ಅಪ್ಪನ ಫೋಟೋ ಸ್ಟುಡಿಯೋ. ಉಳಿದದ್ದೆಲ್ಲ ಮರೆತುಹೋಯಿತು, ಇದು ಮಾತ್ರ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿದೆ.

ಮೊನ್ನೆ ಪಾರ್ಕಿನ ಬೆಂಚಿಗೆ ವರ್ಕ್‌ಶಾಪಿನ ಸಂಯೋಜಕಿ ಬಂದಿದ್ದರು. ರಜೆ, ಹುಡುಗರು ಊರಿಗೆ ಹೋಗಿದ್ದಾರೆ. ಬೋಧಕರು ಪಾಠ ಮಾಡಿ ತೋರಿಸಬೇಕಾದರೆ ಎದುರಿಗೆ ಯಾರಾದರೂ ಬೇಕಲ್ಲ. ಅದಕ್ಕೆ ಬಾಡಿಗೆ ವಿದ್ಯಾರ್ಥಿಗಳು.

"ಸುಮ್ಮನೆ ಕೂರೋಕೆ ಬರುತ್ತಾ ನಿಮಗೆ?" ಅಂದರು.

"ರಿಟೈರ್ ಆದಮೇಲೆ ಅದೊಂದೇ ಬರೋದು" ಅಂದೆ.


ಮೇ ೫, ಸಂಜೆ

ನಾವು ಐದು ಜನ. ನಾನು, ಬ್ಯಾಂಕಿನಲ್ಲಿದ್ದ ಕ್ಯಾಶಿಯರ್, ಆಸ್ಪತ್ರೆಯಲ್ಲಿದ್ದ ನರ್ಸಮ್ಮ, ಅಂಗಡಿ ಮಗನಿಗೆ ಬಿಟ್ಟ ಟೈಲರ್, ಅವರ ಹೆಂಡತಿ ಟೈಲರಮ್ಮ. ಎಲ್ಲರೂ ಪಾರ್ಕ್ ಬೆಂಚಿನವರೇ.

ಸಂಯೋಜಕಿಗೆ ಬಣ್ಣದ ಅಂಟುಚೀಟಿಯ ಹುಚ್ಚು. ಗೋಡೆಗೆ, ಬೋರ್ಡಿಗೆ, ಟೀ ಫ್ಲಾಸ್ಕಿಗೆ. ನಾನು ಮನಸ್ಸಿನಲ್ಲಿ ಚೀಟಿಯಮ್ಮ ಎಂದು ಹೆಸರಿಟ್ಟಿದ್ದೇನೆ. ನಮಗೂ ಒಂದೊಂದು ಚೀಟಿ, ಎದೆಗೆ ಅಲ್ಲ, ಜೇಬಿಗೆ. ಅದರಲ್ಲಿ ನಾವು ಎಂಥ ವಿದ್ಯಾರ್ಥಿ ಎಂದು ಬರೆದಿರುತ್ತದೆ. ಬೋಧಕರಿಗೆ ಗೊತ್ತಿರಬಾರದು. ಎಂಥೆಂಥವರನ್ನೂ ನಿಭಾಯಿಸಲು ಕಲಿಯಬೇಕಂತೆ.

ಕ್ಯಾಶಿಯರ್‌ಗೆ ಬಂದದ್ದು: ನಾಚಿಕೆ ಸ್ವಭಾವ, ಬಾಯಿ ಬಿಡುವುದಿಲ್ಲ. ಮೂವತ್ತು ವರ್ಷ ಗಾಜಿನ ಹಿಂದಿನಿಂದ ಜನರನ್ನು ಬೈದ ಮನುಷ್ಯ. ಮೊದಲ ಪಾಠದಲ್ಲೇ ಎದ್ದು ನಿಂತು, ತನಗೆ ನಾಚಿಕೆ ಎಂದು ಭಾಷಣ ಮಾಡಿದರು.

ನರ್ಸಮ್ಮನಿಗೆ: ತೂಕಡಿಸುವ ವಿದ್ಯಾರ್ಥಿನಿ. ಚೀಟಿಯಮ್ಮ ಬಂದು "ಎಷ್ಟು ಸಹಜವಾಗಿ ಮಾಡ್ತೀರಿ ನೀವು" ಎಂದು ಹೊಗಳಿದರು. ನರ್ಸಮ್ಮ ಗೊರಕೆಯಲ್ಲಿ ಉತ್ತರ ಕೊಟ್ಟರು.

ನನಗೆ: ಹಿಂದಿನ ಬೆಂಚು, ಸಂಬಂಧವಿಲ್ಲದ ಪ್ರಶ್ನೆ ಕೇಳುವವನು. ರಸಾಯನಶಾಸ್ತ್ರದವರು ಬಂದು ಉಪ್ಪು ಕರಗುವುದನ್ನು ವಿವರಿಸಿದರು. ಚೆನ್ನಾಗಿತ್ತು. ಯಾಕೆ ಕರಗುತ್ತೆ, ಸಕ್ಕರೆಯೂ ಹೀಗೆಯೇನು ಅಂತೆಲ್ಲ ಕೇಳಿಬಿಟ್ಟೆ. ಆಮೇಲೆ ಚೀಟಿಯಮ್ಮ ಪಕ್ಕಕ್ಕೆ ಕರೆದರು. "ನೀವು ಸಂಬಂಧ ಇರೋ ಪ್ರಶ್ನೆ ಕೇಳ್ತಿದ್ದೀರಿ. ದಯವಿಟ್ಟು ಪಾತ್ರದಲ್ಲಿರಿ."

ಕಾಲೇಜಿನಲ್ಲಿ ಸಂಬಂಧವಿಲ್ಲದ ಪ್ರಶ್ನೆ ಕೇಳಿದ್ದಕ್ಕೆ ಬೈಸಿಕೊಂಡಿದ್ದೆ.


ಮೇ ೭

ಇವತ್ತು ಬೋಧಕರಿಗೆ ಸ್ಯಾಂಡ್‌ವಿಚ್ ಪದ್ಧತಿ ಕಲಿಸಿದರು. ತಿನ್ನುವುದಲ್ಲ. ಯಾರದಾದರೂ ತಪ್ಪು ಹೇಳಬೇಕಾದರೆ ಮೊದಲು ಒಂದು ಹೊಗಳಿಕೆ, ನಡುವೆ ತಪ್ಪು, ಮೇಲೆ ಮತ್ತೊಂದು ಹೊಗಳಿಕೆ. ಒಳ್ಳೇ ಉಪಾಯ. ನನ್ನ ಸಂಸಾರದಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಸಂಜೆ ಸೊಸೆ ಟೀ ಕೊಟ್ಟಳು. "ಟೀ ಬಿಸಿಯಾಗಿದೆಯಮ್ಮ. ಸಕ್ಕರೆ ಮರೆತಿದ್ದೀಯ. ಲೋಟ ಬಹಳ ಚೆನ್ನಾಗಿದೆ."

ಸೊಸೆ ನನ್ನನ್ನೇ ನೋಡಿದಳು. "ಮಾವ, ಇದನ್ನ ಯಾರು ಕಲಿಸಿದ್ರು ನಿಮಗೆ?"

"ಪಾರ್ಕಲ್ಲಿ" ಅಂದೆ.

ಸಕ್ಕರೆ ಡಬ್ಬಿ ತಂದು ಕುಕ್ಕಿ ಹೋದಳು. ಅನುಮಾನ ಬಂದಿದೆ.


ಮೇ ೮, ಮಧ್ಯಾಹ್ನ — ಕ್ಯಾಂಟೀನಿನಲ್ಲಿ ಕೂತು

ಆಗಬಾರದ್ದು ಆಯಿತು. ಬೋಧಕರಲ್ಲಿ ಆರು ಗುಂಪು, ನಮ್ಮ ರೂಮಿಗೆ ಇವಳು ಬರುವುದಿಲ್ಲ ಎಂದುಕೊಂಡಿದ್ದೆ. ಗುಂಪು ಬದಲಾಯಿಸಿದ್ದಾರೆ. ಹತ್ತೂವರೆಗೆ ಬಾಗಿಲು ತೆಗೆದದ್ದು ನನ್ನ ಸೊಸೆ.

ನನ್ನನ್ನು ಕಂಡಳು. ಮುಖದ ರಕ್ತ ಇಳಿದದ್ದು ಹಿಂದಿನ ಬೆಂಚಿಗೂ ಕಂಡಿತು. ಬೋರ್ಡಿನ ಕಡೆ ತಿರುಗಿ ಪಾಠ ಶುರುಮಾಡಿದಳು. ಶುರುಮಾಡಿದಳು ಎಂದು ಕಾಣುತ್ತದೆ. ತುಟಿ ಆಡುತ್ತಿತ್ತು. ಮೂರನೇ ಮನೆಗೆ ಕೇಳಿಸುವ ಹುಡುಗಿ ಮೂರನೇ ಬೆಂಚಿಗೆ ಕೇಳಿಸಲಿಲ್ಲ. ಮುಂದೆ ಕೂತಿದ್ದ ಟೈಲರಮ್ಮ ಗಂಡನಿಗೆ "ಏನಂತೆ?" ಎಂದರು. ಅವರು "ಏನೋ ಪ್ರಾರ್ಥನೆ ಇರಬೇಕು, ಸುಮ್ಮನಿರು" ಎಂದರು.

ಸ್ಟುಡಿಯೋದಲ್ಲಿ ಇಂಥ ಮುಖಗಳನ್ನು ಎಷ್ಟೋ ನೋಡಿದ್ದೇನೆ. ಮನೆಯಿಂದ ನಗುತ್ತಾ ಬರುತ್ತಾರೆ. ಕ್ಯಾಮೆರಾ ಎದುರು ಕೂತರೆ ಮುಗಿಯಿತು, ಕತ್ತು ಮರದ ಕತ್ತು. ನನ್ನವಳಂತೂ ಪ್ರತಿ ಫೋಟೋದಲ್ಲೂ ಕಣ್ಣು ಮುಚ್ಚಿದ್ದಾಳೆ. ಗೋಡೆಗೆ ಹಾಕಿದ್ದರಲ್ಲೂ.


ಮೇ ೮, ಸಂಜೆ

ಅಡುಗೆಮನೆಯಲ್ಲಿ ವಿಚಾರಣೆ.

"ಅಲ್ಲ ಮಾವ, ಊರಲ್ಲಿ ಬೇರೆ ಕೆಲಸ ಸಿಗಲಿಲ್ವಾ ನಿಮಗೆ?"

"ಇದು ಕೆಲಸ ಅಲ್ಲಮ್ಮ. ಕೂತಿರೋದು."

"ಮನೇಲಿ ಕೂತಿದ್ರಲ್ಲ."

"ಮನೇಲಿ ಕೂತ್ರೆ ಯಾರೂ ಪಾಠ ಮಾಡಲ್ಲ."

ಸೊಸೆ ಪಾತ್ರೆ ತೊಳೆಯತೊಡಗಿದಳು. ನಾನು ನಾಳೆಯಿಂದ ಬಿಟ್ಟುಬಿಡುತ್ತೇನೆ ಎಂದೆ. ಬೇಡ ಎಂದಳು. ಐದು ಜನ ಇರಲೇಬೇಕಂತೆ, ಇಲ್ಲದಿದ್ದರೆ ಇಡೀ ಗುಂಪಿನ ಮಾದರಿ ಪಾಠ ಮುಂದಕ್ಕೆ ಹೋಗುತ್ತದಂತೆ. "ಅಲ್ಲಿ ನೀವು ನನಗೆ ಯಾರೂ ಅಲ್ಲ. ನಾನು ನಿಮಗೆ ಮೇಡಂ. ಅಷ್ಟೇ."

"ಆಗಲಿ ಮೇಡಂ."

"ಇಲ್ಲಿ ಅಲ್ಲ ಮಾವ, ಅಲ್ಲಿ."

ಆಮೇಲೆ ನಾನಾಗಿಯೇ ಕೇಳಿದೆ, ಮನೆಯಲ್ಲಿ ಇಷ್ಟು ದನಿ ಇದೆಯಲ್ಲ, ಅಲ್ಲೇನಾಗುತ್ತೆ? ನಲ್ಲಿ ನಿಲ್ಲಿಸಿದಳು. "ಎಲ್ಲರೂ ಮುಖ ನೋಡ್ತಾ ಕೂತಿರ್ತಾರೆ ಮಾವ. ತಪ್ಪು ಹೇಳಿಬಿಡ್ತೀನಿ ಅನ್ಸುತ್ತೆ. ಗಂಟಲು ಕಟ್ಟುತ್ತೆ. ಅತ್ತೆ ಹತ್ರ ಹಾಗಿರಲಿಲ್ಲ. ತಪ್ಪು ಹೇಳಿದ್ರೂ ಅವರಿಗೆ ಕೇಳ್ಸಿದ್ರೆ ಸಾಕಿತ್ತು."

ನಾನು ಟೀ ಲೋಟದೊಳಗೆ ನೋಡಿದೆ. ಸ್ಯಾಂಡ್‌ವಿಚ್ ಮಾಡಲು ಏನೂ ತೋಚಲಿಲ್ಲ.


ಮೇ ೧೦

ಗ್ಯಾಸ್ ಒಲೆಯ ಕಡೆ ಮುಖ ಮಾಡಿ ಪ್ರಾಕ್ಟೀಸ್ ಮಾಡುತ್ತಿದ್ದಾಳೆ. ಮಾದರಿ ಪಾಠದ ವಿಷಯ: ಸರಾಸರಿ. ಎಲ್ಲವನ್ನೂ ಕೂಡಿಸು, ಎಷ್ಟು ಮಂದಿಯೋ ಅಷ್ಟರಿಂದ ಭಾಗಿಸು. ಒಲೆಗೆ ಸ್ಪಷ್ಟವಾಗಿ ಕೇಳಿಸುತ್ತದೆ. ನನಗೂ. ಬೆಳಿಗ್ಗೆಯಿಂದ ಅದೇ ಪಾಠ, ಅದೇ ಉದಾಹರಣೆ, ಅದೇ ಜಾಗದಲ್ಲಿ ಕೆಮ್ಮು. ನನಗೆ ಕೆಮ್ಮೂ ಬಾಯಿಪಾಠವಾಗಿದೆ.

ಒಂದು ಐಡಿಯಾ ಬಂತು. ಅವಳ ಭಯ ಏನು? ಎದುರಿಗೆ ಕೂತವರು ಪಿಳಿಪಿಳಿ ನೋಡುತ್ತಾರೆ ಎಂದು. ನಾವು ಪಿಳಿಪಿಳಿ ನೋಡದೆ ಕೇಳಿದ್ದಕ್ಕೆಲ್ಲ ಪಟಪಟ ಉತ್ತರ ಕೊಟ್ಟರೆ? ಅವಳ ದನಿ ಕೇಳಿಸದಿದ್ದರೂ ನಮ್ಮ ಉತ್ತರ ಕೇಳಿಸುತ್ತದೆ. ಪರೀಕ್ಷಕರು ಮತ್ತೇನು ನೋಡುತ್ತಾರೆ?

ಆಸ್ ಪರ್ ಮೈ ಹಂಬಲ್ ಒಪೀನಿಯನ್, ಇದರಲ್ಲಿ ತಪ್ಪಾಗುವುದಕ್ಕೆ ಜಾಗವೇ ಇಲ್ಲ.


ಮೇ ೧೩, ಪಾರ್ಕಿನಿಂದ ಬಂದು

ಮೂರು ದಿನದಿಂದ ಬೆಂಚಿನಲ್ಲಿ ಟ್ಯೂಷನ್. ಸೊಸೆ ಎಂದು ಹೇಳಿಲ್ಲ. "ಆ ಮೆಲ್ಲಗೆ ಮಾತಾಡೋ ಮೇಡಂ ಪಾಪ, ನಾವು ಸ್ವಲ್ಪ ತಯಾರಾಗಿರೋಣ" ಎಂದಷ್ಟೇ. ಕ್ಯಾಶಿಯರ್‌ಗೆ ಹೇಳಿಕೊಡಬೇಕಾಗಿಲ್ಲ, ಆತ ಕೂಡಿಸಿ ಭಾಗಿಸಿಯೇ ಹುಟ್ಟಿದವನು. ಟೈಲರ್ ದಂಪತಿಗೆ ಅಂಗಿಯ ಅಳತೆಯಲ್ಲಿ ಹೇಳಿದೆ. ಐದು ಅಂಗಿಯ ಸರಾಸರಿ ತೋಳು ಎಷ್ಟು? ಟೈಲರ್ ಸರಿಯಾಗಿ ಹೇಳಿದರು, ಟೈಲರಮ್ಮ ಅರ್ಧ ಇಂಚು ಹೊಲಿಗೆಗೆ ಬಿಡಬೇಕು ಎಂದು ಜಗಳ ತೆಗೆದರು. ನರ್ಸಮ್ಮ ಎಚ್ಚರವಿದ್ದಾಗ ಬಹಳ ಚುರುಕು. ಜ್ವರದ ಚಾರ್ಟಿನ ಸರಾಸರಿಯನ್ನು ಬೆರಳಲ್ಲೇ ತೆಗೆದರು.

ನಾನು ಮೇಷ್ಟರಾಗಬೇಕಿತ್ತು. ಇಟ್ ಈಸ್ ಟೂ ಲೇಟ್ ಟು... ಟು ಏನೋ ಒಂದು.


ಮೇ ೧೫

ನಾಳೆ. ಸೊಸೆ ಊಟ ಮಾಡಲಿಲ್ಲ. ನಾನು ನಿಶ್ಚಿಂತೆಯಿಂದ ಎರಡು ಸಲ ಬಡಿಸಿಕೊಂಡೆ.


ಮೇ ೧೬, ಸಂಜೆ

ಬರೆಯಲು ಕೈ ಬರುತ್ತಿಲ್ಲ. ಆದರೂ ಕ್ರಮವಾಗಿ ಬರೆಯುತ್ತೇನೆ.

ಪರೀಕ್ಷಕರು ಮೂವರು. ಚೀಟಿಯಮ್ಮ, ಸೊಸೆಯ ವಿಭಾಗದ ಮುಖ್ಯಸ್ಥರು, ಮತ್ತೆ ಹೊರಗಿನಿಂದ ಬಂದ ತಜ್ಞರೊಬ್ಬರು. ಆ ಸೆಕೆಗೂ ಟೈ ಕಟ್ಟಿದ್ದರು. ಟೈಯವರು ಎದ್ದು ನಿಂತು ಈ ವರ್ಷ ಹೊಸ ಪದ್ಧತಿ ಎಂದರು. ಪಾಠಕ್ಕೆ ಮುಂಚೆ ವಿದ್ಯಾರ್ಥಿಗಳಿಗೆ ಐದು ಪ್ರಶ್ನೆ. ಪಾಠವಾದ ಮೇಲೆ ಮತ್ತೆ ಐದು ಪ್ರಶ್ನೆ. ಮೊದಲು ಎಷ್ಟು ಗೊತ್ತಿತ್ತು, ಆಮೇಲೆ ಎಷ್ಟು ಗೊತ್ತಾಯಿತು, ನಡುವಿನ ವ್ಯತ್ಯಾಸವೇ ಬೋಧಕರ ಅಂಕ. ಲರ್ನಿಂಗ್ ಗೇನ್ ಅಂತೆ ಅದರ ಹೆಸರು.

ನನಗೆ ಆಗಲೂ ಹೊಳೆಯಲಿಲ್ಲ. ಖುಷಿಯಿಂದ ಪೆನ್ನು ತೆಗೆದೆ. ಸರಾಸರಿ ಎಂದರೇನು? ಬರೆದೆ. ಹೇಗೆ ಕಂಡುಹಿಡಿಯುತ್ತಾರೆ? ಬರೆದೆ. ಲೆಕ್ಕ? ಮಾಡಿದೆ. ಐದಕ್ಕೆ ಐದು. ಕ್ಯಾಶಿಯರ್ ಐದಕ್ಕೆ ಐದು, ಸಾಲದ್ದಕ್ಕೆ ಪ್ರಶ್ನೆಯಲ್ಲಿದ್ದ ಒಂದು ತಪ್ಪನ್ನೂ ತಿದ್ದಿದ್ದರು. ಟೈಲರ್ ಐದು, ಟೈಲರಮ್ಮ ಐದು. ನರ್ಸಮ್ಮ ಐದು, ಬರೆದು ಮುಗಿಸಿ ಕಣ್ಣು ಮುಚ್ಚಿದರು.

ಟೈಯವರು ಹಾಳೆಗಳನ್ನು ತಿರುವಿದರು. ಕನ್ನಡಕ ತೆಗೆದರು. "ಮೇಡಂ, ನಿಮ್ಮ ವಿದ್ಯಾರ್ಥಿಗಳಿಗೆ ಎಲ್ಲಾ ಗೊತ್ತಿದೆ. ಪಾಠಕ್ಕೆ ಮುಂಚೆಯೇ. ವ್ಯತ್ಯಾಸ ಸೊನ್ನೆ ಬರುತ್ತೆ. ಏನು ಕಲಿಸ್ತೀರಿ ಇವರಿಗೆ?"

ಆಗ ಹೊಳೆಯಿತು. ನೋ ಸೂನರ್ ಹೊಳೆಯಿತು ದ್ಯಾನ್ ಪೆನ್ನನ್ನು ಜೇಬಿನೊಳಗೆ ಬಚ್ಚಿಟ್ಟೆ. ಸೊಸೆ ನನ್ನ ಕಡೆ ನೋಡಿದಳು. ಅವಳಿಗೆ ಎಲ್ಲಾ ಅರ್ಥವಾಗಿತ್ತು — ಒಲೆ, ನನ್ನ ಕಿವಿ, ಪಾರ್ಕು. ನಾನು ಬೆಂಚಿನ ಮೇಲಿದ್ದ ಗೀರುಗಳನ್ನು ಓದಲು ಶುರುಮಾಡಿದೆ.

ಕೈಯಲ್ಲಿದ್ದ ಪಾಠದ ಹಾಳೆಗಳನ್ನು ಅವಳು ಮೇಜಿನ ಮೇಲೆ ಬೋರಲು ಹಾಕಿದಳು. ಮೆಲ್ಲಗೆ ಹೇಳಿದಳು, ಎಂದಿನ ಪಿಸುದನಿಯಲ್ಲೇ; ನಾವು ಮುಂದಕ್ಕೆ ಬಾಗಿ ಕೇಳಿಸಿಕೊಂಡೆವು. "ಎಲ್ಲರೂ ಕಣ್ಣು ಮುಚ್ಚಿ. ನಾನು ಶುರು ಅಂದಮೇಲೆ, ಒಂದು ನಿಮಿಷ ಆಯ್ತು ಅಂತ ನಿಮಗೆ ಯಾವಾಗ ಅನ್ಸುತ್ತೋ ಆವಾಗ ಕೈ ಎತ್ತಿ. ಗಡಿಯಾರ ನೋಡೋ ಹಾಗಿಲ್ಲ."

ನಾನು ಮೊದಲು ಎತ್ತಿದೆ. ಎತ್ತಿದ ಮೇಲೆ ಕಣ್ಣು ತೆಗೆಯಬಹುದಲ್ಲ, ತೆಗೆದೆ. ಸೊಸೆ ಮೊಬೈಲಿನಲ್ಲಿ ನೋಡಿ ಬೋರ್ಡಿನ ಮೇಲೆ ೪೫ ಎಂದು ಬರೆದಳು. ಟೈಲರ್ ಎತ್ತಿದರು, ೫೦. ಕ್ಯಾಶಿಯರ್, ೫೫. ಟೈಲರಮ್ಮ, ೬೦.

ನರ್ಸಮ್ಮ ಎತ್ತಲಿಲ್ಲ. ತಲೆ ಎದೆಗೆ ಬಿದ್ದಿತ್ತು. ಇವತ್ತೂ ಪಾತ್ರವಲ್ಲ, ನಿಜವಾದ ನಿದ್ದೆ.

ಎರಡು ನಿಮಿಷ ಆಗಿರಬೇಕು. ಟೈಯವರು ಗಡಿಯಾರ ನೋಡಿಕೊಂಡರು. ಪಾಠಕ್ಕೆ ಇರುವುದೇ ಕಾಲು ಗಂಟೆ. ಮುಖ್ಯಸ್ಥರು ಗಂಟಲು ಸರಿಮಾಡಿಕೊಂಡರು. ನನಗೆ ತಡೆಯಲಾಗಲಿಲ್ಲ. ಹುಡುಗಿಯ ಹೊಟ್ಟೆಪಾಡು ಹೋಗುತ್ತಿದೆ, ಈ ಹೆಂಗಸು ಗೊರಕೆ ಹೊಡೆಯುತ್ತಿದ್ದಾರೆ. ಮೆಲ್ಲಗೆ ಕೈ ಚಾಚಿ ನರ್ಸಮ್ಮನ ಭುಜ —

"ಮಾವ, ಕೈ ತೆಗೀರಿ. ಮುಟ್ಟಬೇಡಿ ಅವರನ್ನ. ಏಳೋವರೆಗೂ ಯಾರೂ ಎಬ್ಬಿಸೋ ಹಾಗಿಲ್ಲ."

ಚಪ್ಪಲಿಯ ದನಿ. ಮನೆಯದೇ ದನಿ. ಕಿಟಕಿಯ ಗಾಜು ಝಲ್ ಎಂದಿತು. ಕಾರಿಡಾರಿನಲ್ಲಿ ಹೋಗುತ್ತಿದ್ದ ಇಬ್ಬರು ನಿಂತು ಇಣುಕಿದರು. ಟೈಯವರು ಸೆಟೆದು ಕೂತರು. ನಾನು ಕೈ ತೆಗೆದೆ. ನರ್ಸಮ್ಮ ಎಚ್ಚರಾಗಲಿಲ್ಲ — ಮೂವತ್ತು ವರ್ಷ ನೈಟ್ ಡ್ಯೂಟಿ ಮಾಡಿದವರು.

ಕೊನೆಗೆ ನಾಲ್ಕು ನಿಮಿಷಕ್ಕೆ ತಾವೇ ಎದ್ದು, ಗಾಬರಿಯಾಗಿ ಕೈ ಎತ್ತಿ "ಆಯ್ತು, ಒಂದು ನಿಮಿಷ" ಎಂದರು. ಸೊಸೆ ೨೪೦ ಎಂದು ಬರೆದಳು. ಎಲ್ಲರೂ ನಕ್ಕರು. ಅವಳೂ ನಕ್ಕಳು. ಆಮೇಲೆ ಆ ದನಿ ಇಳಿಯಲೇ ಇಲ್ಲ.

"ಸರಾಸರಿ ತೆಗೆಯೋದು ನಿಮಗೆ ಗೊತ್ತಲ್ಲ. ತೆಗೀರಿ."

"ತೊಂಬತ್ತು" ಎಂದರು ಕ್ಯಾಶಿಯರ್, ಅವಳು ಸೀಮೆಸುಣ್ಣ ಕೆಳಗಿಡುವಷ್ಟರಲ್ಲಿ.

"ತೊಂಬತ್ತು ಸೆಕೆಂಡಿಗೆ ಯಾರು ಕೈ ಎತ್ತಿದ್ರಿ?"

ನಾವು ಬೋರ್ಡಿನ ಅಂಕಿಗಳನ್ನು ಒಂದೊಂದಾಗಿ ನೋಡಿದೆವು.

"ಯಾರೂ ಇಲ್ಲ" ಎಂದರು ಟೈಲರಮ್ಮ. "ಹತ್ತಿರ ಕೂಡ ಯಾರೂ ಇಲ್ಲ. ಇದು ಯಾರ ಅಳತೆಗೂ ಬರಲ್ಲ."

"ಹಾಗಾದ್ರೆ ಈ ಗುಂಪಿಗೆ ಒಂದು ನಿಮಿಷ ಅಂದ್ರೆ ಎಷ್ಟು ಅಂತ ಯಾರಾದ್ರೂ ಕೇಳಿದ್ರೆ ಏನು ಹೇಳೋದು?" ನಮ್ಮನ್ನು ಎಬ್ಬಿಸಿ ಸಾಲಾಗಿ ನಿಲ್ಲಿಸಿದಳು. ಕಡಿಮೆ ಹೇಳಿದವರು ಆ ಕಡೆ, ಹೆಚ್ಚು ಹೇಳಿದವರು ಈ ಕಡೆ. ನಾನು, ಟೈಲರ್, ಕ್ಯಾಶಿಯರ್, ಟೈಲರಮ್ಮ, ನರ್ಸಮ್ಮ. "ನಡುವೆ ಯಾರಿದ್ದಾರೆ?" ಕ್ಯಾಶಿಯರ್ ಎದೆ ಉಬ್ಬಿಸಿದರು. "ಐವತ್ತೈದು. ಇದಕ್ಕೆ ಮಧ್ಯಾಂಕ, ಮೀಡಿಯನ್ ಅಂತಾರೆ. ನರ್ಸಮ್ಮ ನಾಳೆ ಬೆಳಿಗ್ಗೆ ಎದ್ದು ಕೈ ಎತ್ತಿದ್ರೆ ಸರಾಸರಿ ಎಲ್ಲಿಗೆ ಹೋಗುತ್ತೆ ಹೇಳಿ? ಆದ್ರೆ ನಡುವೆ ನಿಂತಿರೋರು ಯಾರು?"

"ನಾನೇ" ಎಂದರು ಕ್ಯಾಶಿಯರ್. ನಾಚಿಕೆ ಸ್ವಭಾವದ ಪಾತ್ರ ಅವರು ಪೂರ್ತಿ ಮರೆತಿದ್ದರು.

ನಾನು ಸಾಲಿನ ತುದಿಯಿಂದ ಅವಳ ಮುಖ ನೋಡುತ್ತಿದ್ದೆ. ಸ್ಟುಡಿಯೋದಲ್ಲಿ ಅಪರೂಪಕ್ಕೆ ಹಾಗಾಗುತ್ತಿತ್ತು. ಕೂತವರು ಕ್ಯಾಮೆರಾ ಇದೆ ಎನ್ನುವುದನ್ನೇ ಮರೆತುಬಿಡುವ ಒಂದು ಗಳಿಗೆ. ಆಗ ಒತ್ತಬೇಕು. ಕೈ ತಾನಾಗಿಯೇ ಬಟನ್ ಹುಡುಕಿತು.

ನಮ್ಮನ್ನು ವಾಪಸ್ ಕೂರಿಸಿ, ಎರಡನೇ ಸಲದ ಪ್ರಶ್ನೆಗಳನ್ನು ಟೈಯವರು ಅಲ್ಲೇ ಹೊಸದಾಗಿ ಮಾಡಿದರು, ಬಾಯಲ್ಲೇ ಕೇಳಿದರು. ಒಂದು ಬಸ್ಸು ದಿನಾ ಹತ್ತು ನಿಮಿಷ ತಡ, ಒಂದು ದಿನ ಕೆಟ್ಟು ನಿಂತು ಮೂರು ಗಂಟೆ ತಡ. ಊರಿಗೆ ಹೊಸದಾಗಿ ಬಂದವರಿಗೆ ಎಷ್ಟು ತಡ ಅಂತ ಹೇಳ್ತೀರಿ? ನರ್ಸಮ್ಮ ಎಲ್ಲರಿಗಿಂತ ಮೊದಲು: "ಹತ್ತು ನಿಮಿಷ. ಆ ಮೂರು ಗಂಟೆ ನನ್ನ ಹಾಗೆ ನಿದ್ದೆ ಹೋದ ಬಸ್ಸು."

ಟೈಯವರು ಬರೆದುಕೊಂಡರು. ಆಮೇಲೆ ಪೆನ್ನು ಮುಚ್ಚಿ ಕೇಳಿದರು. "ಮೇಡಂ, ಅವರನ್ನ ನೀವು ಮಾವ ಅಂದ್ರಿ."

"ಹೌದು ಸರ್. ನನ್ನ ಗಂಡನ ತಂದೆ. ನಾನು ಮನೇಲಿ ಪ್ರಾಕ್ಟೀಸ್ ಮಾಡೋದನ್ನ ಕೇಳಿ ಇವರಿಗೆಲ್ಲ ಮೊದಲೇ ಹೇಳಿಕೊಟ್ಟಿದ್ದಾರೆ. ನನಗೂ ಇವಾಗ್ಲೇ ಗೊತ್ತಾಗಿದ್ದು."

"ಸಂಬಂಧಿಕರು ಗುಂಪಿನಲ್ಲಿ ಇರಬಾರದು ಅಂತ ನಿಯಮ ಇದೆ."

"ಇದೆಯಾ?" ಎಂದರು ಚೀಟಿಯಮ್ಮ. ಆ ಚೀಟಿ ಎಲ್ಲೋ ಉದುರಿಹೋಗಿತ್ತು ಎಂದು ಕಾಣುತ್ತದೆ.

ನಾನು ಎದ್ದು ನಿಂತೆ. ಮೇಷ್ಟರು ಬೆಂಚಿನ ಮೇಲೆ ನಿಲ್ಲಿಸಿದಾಗಿನಂತೆಯೇ ಕೈ ಕಟ್ಟಿಕೊಂಡೆ. "ಸರ್, ತಪ್ಪು ನಾಟ್ ಓನ್ಲಿ ನನ್ನದು..." ಮುಂದೆ ಬಟ್ ಆಲ್ಸೋ ಎಂದು ಯಾರನ್ನು ಸೇರಿಸುವುದು? ಯಾರೂ ಇರಲಿಲ್ಲ. "ಓನ್ಲಿ ನನ್ನದು ಸರ್" ಎಂದು ಕೂತೆ.

ಪರಿಶೀಲಿಸಿ ತಿಳಿಸುತ್ತಾರಂತೆ.


ಮೇ ೧೭

ಸೊಸೆ ಮಾತಾಡುತ್ತಿಲ್ಲ. ಕೋಪವೋ ದಣಿವೋ ಗೊತ್ತಾಗದು. ಟೀಯಲ್ಲಿ ಸಕ್ಕರೆ ಇದೆ. ಅದೇ ಹೆದರಿಕೆ.


ಮೇ ೨೧

ಮಗ ರೈಲಿನಲ್ಲಿ ಗಾರ್ಡು, ನಾಲ್ಕು ದಿನಕ್ಕೊಮ್ಮೆ ಮನೆಗೆ ಬರುತ್ತಾನೆ. ಬಂದವನು ಎಲ್ಲಾ ಕೇಳಿ "ಅಪ್ಪ, ಪಾರ್ಕಿಗೆ ಹೋದ್ರೆ ವಾಕಿಂಗ್ ಮಾತ್ರ ಮಾಡು ಅಂತ ಡಾಕ್ಟ್ರು ಹೇಳಿದ್ರಲ್ಲ" ಎಂದ. ನಗಬೇಕೋ ಬೇಡವೋ ಎಂದು ಹೆಂಡತಿಯ ಮುಖ ನೋಡಿ, ನಗದೆ ಡ್ಯೂಟಿಗೆ ಹೋದ.

ನಾಲ್ಕು ದಿನದಿಂದ ಚಪ್ಪಲಿಯನ್ನು ಗೋಡೆಗೆ ಒತ್ತಿ, ಜೋಡಿಸಿ ಬಿಡುತ್ತಿದ್ದೇನೆ. ಗಮನಿಸಲಿಲ್ಲ. ಇವತ್ತು ಬೇಕೆಂದೇ ಬಾಗಿಲಿಗೆ ಅಡ್ಡ ಬಿಟ್ಟೆ. ಸದ್ದಿಲ್ಲದೆ ದಾಟಿಕೊಂಡು ಹೋದಳು.

ಬೈದಿದ್ದರೆ ಚೆನ್ನಾಗಿತ್ತು. ಮನೆ ಇಷ್ಟು ಮೆತ್ತಗೆ ಆಗಿದ್ದು ನನ್ನವಳು ತೀರಿಕೊಂಡ ವಾರದಲ್ಲಷ್ಟೇ.


ಮೇ ೨೬, ಮಧ್ಯಾಹ್ನ

ಬೆಳಿಗ್ಗೆ ಯೂನಿವರ್ಸಿಟಿ ಆಫೀಸಿನಿಂದ ಫೋನ್. ಬಂದು ಆದೇಶ ತೆಗೆದುಕೊಂಡು ಹೋಗಿ ಎಂದಷ್ಟೇ ಹೇಳಿದರಂತೆ. ಏನು ಆದೇಶ ಎಂದು ಹೇಳಲಿಲ್ಲವಂತೆ. ನಾನೂ ಬರಲಾ ಎಂದೆ. ಒಂದು ನೋಟ ನೋಡಿದಳು. ಮನೆಯಲ್ಲೇ ಉಳಿದೆ.

ಕ್ಯಾಶಿಯರ್ ಮೂರು ಸಲ ಫೋನ್ ಮಾಡಿದರು. ಟೈಲರಮ್ಮ ಒಂದು ಸಲ. ನರ್ಸಮ್ಮ ಮಾಡಿಲ್ಲ, ಮಲಗಿರಬೇಕು.

ಹನ್ನೆರಡು ಆಯಿತು. ಗೋಡೆಯ ಮೇಲಿನ ಫೋಟೋ ನೋಡಿದೆ. ಕಣ್ಣು ಮುಚ್ಚಿಯೇ ಇದ್ದಾಳೆ. ಅವಳಿದ್ದಿದ್ದರೆ ಬಾಗಿಲಲ್ಲೇ ಕೂತಿರುತ್ತಿದ್ದಳು, ಸುದ್ದಿ ಮೊದಲು ಅವಳ ಕಿವಿಗೆ, ಆಮೇಲೆ ಬೀದಿಗೆ.

ಒಂದು ಉಪಾಯ ಮಾಡಿದ್ದೇನೆ. ನನ್ನ ಎರಡೂ ಜೊತೆ ಚಪ್ಪಲಿ, ಮಗನ ಹಳೇ ಶೂ, ಬಚ್ಚಲಿನ ಚಪ್ಪಲಿ — ಎಲ್ಲವನ್ನೂ ಹೊಸ್ತಿಲಿಗೆ ಅಡ್ಡಡ್ಡ ಹರಡಿದ್ದೇನೆ. ಕಾಲಿಡಲು ಜಾಗವಿಲ್ಲ. ಸುಮ್ಮನೆ ದಾಟಿ ಬಂದರೆ ಕೇಳುವುದೇ ಬೇಡ, ನನಗೆ ಗೊತ್ತಾಗುತ್ತದೆ. ಬೈದರೆ...

ಆಟೋ ನಿಂತಿತು. ನಮ್ಮದೇ ಮನೆ ಮುಂದೆ. ಗೇಟು.

ಹೆಜ್ಜೆ ನಿಂತಿದೆ. ಚಪ್ಪಲಿಗಳನ್ನು ನೋಡುತ್ತಿರಬೇಕು. ಬಹಳ ಹೊತ್ತಾಯಿತು. ನನ್ನ ಲೆಕ್ಕದಲ್ಲಿ ಒಂದು ನಿಮಿಷ, ಅಂದರೆ ನಲವತ್ತೈದು —

"ಮಾವ, ಏನಿದು, ಮನೇಲಿ ಚಪ್ಪಲಿ ಅಂಗಡಿ ಇಟ್ಟಿದ್ದೀರಾ? ಖಾಯಂ ಆದ ದಿವಸವೇ ಕಾಲು ಮುರ್ಕೊಂಡು ಬೀಳ್ಲಾ ನಾನು?"

ಕಿಟಕಿಯಿಂದ ಕಾಣುತ್ತಿದೆ. ಎದುರು ಮನೆಯವನು ಹೊರಗೆ ಓಡಿ ಬಂದು ತನ್ನ ಚಪ್ಪಲಿ ಪಕ್ಕಕ್ಕೆ ಸರಿಸುತ್ತಿದ್ದಾನೆ.